ಶನಿವಾರ ಮಕ್ಕಳು ಮನೆಗೆ ತಡವಾಗಿ ಬರುವುದು ಯಾಕೆ: ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ, ನಮಸ್ಕಾರ.

ಜೂನ್ ಕೊನೆಯಿಂದ ಒಂಬತ್ತನೇ ತರಗತಿಯ ಮಕ್ಕಳು ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೂ ಎರಡು ಗಂಟೆ ಇಲ್ಲೇ ಉಳಿಯುತ್ತಿದ್ದಾರೆ. ಮೊನ್ನೆ ಒಬ್ಬ ತಾಯಿ ಗೇಟಿನ ಹತ್ತಿರ ಸಿಕ್ಕಿ, "ಮನೇಲಿ ಮೊಬೈಲ್ ಕಿತ್ತಿಡೋದೇ ದೊಡ್ಡ ಕೆಲಸ ಆಗಿದೆ ಮೇಡಂ, ನೀವೂ ಕಂಪ್ಯೂಟರ್ ಮುಂದೆ ಕೂರಿಸ್ತೀರಲ್ಲ" ಅಂದರು. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಬಸ್ಸಿಗೆ ಹೊತ್ತಾಗಿತ್ತು, ಅಲ್ಲಿ ಪೂರ್ತಿ ಹೇಳಲು ಆಗಲಿಲ್ಲ. ಇಲ್ಲಿ ಹೇಳುತ್ತೇನೆ.

ಮಕ್ಕಳು ಒಂದು ವೆಬ್ ಅಪ್ಲಿಕೇಶನ್, ಅಂದರೆ ಬ್ರೌಸರ್‌ನಲ್ಲಿ ತೆರೆದು ಬಳಸುವ ಪ್ರೋಗ್ರಾಂ, ಕಟ್ಟುತ್ತಿದ್ದಾರೆ. ಮಳೆ ಲೆಕ್ಕದ್ದು. ನಮ್ಮ ಮೂಡಿಗೆರೆ ಕಡೆ ಮಳೆಗಾಲದಲ್ಲಿ ಬೆಳಿಗ್ಗೆ ಇಬ್ಬರು ಎದುರಾದರೆ ಮೊದಲ ಮಾತು "ನಿಮ್ಮಲ್ಲಿ ಎಷ್ಟು ಬಂತು?" ಅಂತಲೇ ಅಲ್ವಾ? ತೋಟದ ಮನೆಗಳಲ್ಲಿ ಮಳೆ ಅಳೆದು ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಪುಸ್ತಕದಲ್ಲಿ ಬರೆದಿಡುತ್ತಾರೆ. ಆ ಪುಸ್ತಕವನ್ನೇ ಮಕ್ಕಳು ಕಂಪ್ಯೂಟರಿನೊಳಗೆ ತರುತ್ತಿದ್ದಾರೆ. ಊರು, ತಾರೀಕು, ಮಳೆ ತುಂಬಿಸಿದರೆ ಅದು ಉಳಿಯಬೇಕು. ಒಂದು ಇಂಚಿಗೆ 25.4 ಮಿಲಿಮೀಟರಿನಂತೆ ತಾನೇ ಲೆಕ್ಕ ಹಾಕಬೇಕು. ಕೇಳಿದ ತಿಂಗಳಿನ ಮೊತ್ತ ತೋರಿಸಬೇಕು. ಇಷ್ಟೇ ಕೆಲಸ. ಆದರೆ ಇಷ್ಟರಲ್ಲಿ ಕಲಿಯುವುದು ಬಹಳ ಇದೆ.

ಮೊದಲ ಮೂರು ಶನಿವಾರ ಬರೀ ಪುಟ ಮಾಡಿದರು. ಪುಟದ ಹಂದರಕ್ಕೆ ಎಚ್‌ಟಿಎಂಎಲ್, ಅಂದಕ್ಕೆ ಸಿಎಸ್‌ಎಸ್, ಬಟನ್ ಒತ್ತಿದಾಗ ಏನಾದರೂ ಆಗಬೇಕಾದರೆ ಜಾವಾಸ್ಕ್ರಿಪ್ಟ್. ನಾಲ್ಕನೇ ಶನಿವಾರ ಮಳೆ ತುಂಬಿಸಿದ ಕೂಡಲೇ ಪಟ್ಟಿ ಕೆಳಗೆ ಬೆಳೆಯಿತು. ಮಕ್ಕಳು ಚಪ್ಪಾಳೆ ಹೊಡೆದರು. ಅಷ್ಟರಲ್ಲಿ ಕರೆಂಟ್ ಹೋಯಿತು. ಮತ್ತೆ ಬಂದಾಗ ಪುಟ ತೆರೆದರೆ ಪಟ್ಟಿ ಖಾಲಿ. ಮೂವತ್ತೊಂದು ದಿನದ ಮಳೆ ಕೂತು ತುಂಬಿಸಿದ್ದ ಹುಡುಗಿಯ ಕಣ್ಣಲ್ಲಿ ನೀರು. "ಎಲ್ಲಿ ಹೋಯ್ತು ಸಾರ್?" ಅಂತ ಕೇಳಿದಳು. ಗಣಿತದ ಮೇಷ್ಟ್ರು ಆ ದಿನ ಬೇರೆ ಪಾಠವನ್ನೇ ಮಾಡಲಿಲ್ಲ. ಆ ಒಂದು ಪ್ರಶ್ನೆ ಇಟ್ಟುಕೊಂಡೇ ಮುಂದಿನದೆಲ್ಲ ಹೇಳಿದರು.

ನಿಮಗೆ ಗೊತ್ತಿರುವ ರೀತಿಯಲ್ಲೇ ಹೇಳುತ್ತೇನೆ. ತೋಟದಲ್ಲಿ ಕೆಲಸದವರು ಯಾರೂ ಚೆಕ್‌ರೋಲ್, ಅಂದರೆ ಹಾಜರಿ ಪುಸ್ತಕ, ತೆಗೆದು ತಮ್ಮ ಹಾಜರಿ ತಾವೇ ಬರೆದುಕೊಳ್ಳುವುದಿಲ್ಲ. ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಹೇಳುತ್ತಾರೆ. ರೈಟರ್ ಸರಿಯೋ ತಪ್ಪೋ ನೋಡಿ ಬರೆಯುತ್ತಾರೆ. ನಾವು ಕಣ್ಣಿಂದ ನೋಡುವ ಬ್ರೌಸರ್ ಅನ್ನುವುದು ಹೇಳುವ ಜಾಗ. ಸರ್ವರ್ ಅನ್ನುವುದು ರೈಟರ್. ಡೇಟಾಬೇಸ್ ಅನ್ನುವುದು ಚೆಕ್‌ರೋಲ್. ಹೇಳಿದ್ದು ಪುಸ್ತಕಕ್ಕೆ ಏರದಿದ್ದರೆ ಸಂಜೆಗೆ ಯಾರಿಗೂ ನೆನಪಿರುವುದಿಲ್ಲ. ಆ ದಿನ ಆಗಿದ್ದು ಅದೇ.

ಈಗ ನಮ್ಮ ಹಳೇ ಕಂಪ್ಯೂಟರ್ ಒಂದನ್ನೇ ಸರ್ವರ್ ಮಾಡಿ ಉಳಿದ ನಾಲ್ಕನ್ನು ವೈರ್ ಎಳೆದು ಅದಕ್ಕೆ ಜೋಡಿಸಿದ್ದೇವೆ. ಇಂಟರ್ನೆಟ್ ಬೇಕಿಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ಅದನ್ನು ನಂಬಿ ಕೂರಲೂ ಆಗುವುದಿಲ್ಲ. ರೈಟರ್ ಕೆಲಸವನ್ನು ಮಕ್ಕಳು ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯುತ್ತಾರೆ. ಪುಸ್ತಕದ ಕೆಲಸಕ್ಕೆ ಎಸ್‌ಕ್ಯೂಲೈಟ್ ಇದೆ. 2000ನೇ ಇಸವಿಯಲ್ಲಿ ಬಂದ ಚಿಕ್ಕ ಡೇಟಾಬೇಸ್ ಅದು. ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ಒಳಗೂ ಅದೇ ಇದೆ. ಇಡೀ ಡೇಟಾಬೇಸ್ ಒಂದೇ ಫೈಲಿನಲ್ಲಿ ಕೂರುತ್ತದೆ. ಇದಾವುದಕ್ಕೂ ಒಂದು ರೂಪಾಯಿ ಕೊಡಬೇಕಿಲ್ಲ.

ನನಗೆ ತುಂಬಾ ಹಿಡಿಸಿದ್ದು ಆಗಸ್ಟ್‌ನಲ್ಲಿ ನಡೆದ ಒಂದು ಜಗಳ. ಒಂದೇ ಗುಡ್ಡದ ಆಚೆ ಈಚೆ ಇರುವ ಎರಡು ಮನೆ. ಒಂದು ಮನೆಯಲ್ಲಿ 3 ಇಂಚು 40 ಸೆಂಟ್ ಮಳೆ. ಇನ್ನೊಂದರಲ್ಲಿ ಸೊನ್ನೆ. "ಸುಳ್ಳು ಬರೆದಿದ್ದೀಯ" ಅಂತ ಒಬ್ಬ, "ನಾನು ಬರೆದೇ ಇಲ್ಲ" ಅಂತ ಇನ್ನೊಬ್ಬ. ಎರಡನೆಯವನ ಮಾತೇ ನಿಜ. ಅವನ ಮನೆಯವರು ಮದುವೆಗೆ ಹೋಗಿದ್ದರು, ಆ ದಿನ ಅಳೆದವರೇ ಇಲ್ಲ. ಅವನು ಆ ಜಾಗ ಹಾಗೇ ಬಿಟ್ಟಿದ್ದ, ಮಕ್ಕಳು ಬರೆದ ಪ್ರೋಗ್ರಾಂ ಅಲ್ಲಿ ಸೊನ್ನೆ ತುಂಬಿಬಿಟ್ಟಿತ್ತು. ಮಳೆ ಬರಲಿಲ್ಲ ಅನ್ನುವುದು ಬೇರೆ, ಅಳೆಯಲಿಲ್ಲ ಅನ್ನುವುದು ಬೇರೆ. ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂ ಮಳೆಗೆ ಕಾಯುವವರಿಗೆ, ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಅಂತ ಯೋಚಿಸುವವರಿಗೆ ಇದು ಸಣ್ಣ ವಿಷಯ ಅಲ್ಲ. ಡೇಟಾಬೇಸ್‌ನಲ್ಲಿ ಈ ಖಾಲಿಗೆ ನಲ್ ಅನ್ನುತ್ತಾರೆ. ಅವತ್ತಿನಿಂದ ಮಕ್ಕಳು ಖಾಲಿಯನ್ನು ಖಾಲಿಯಾಗಿಯೇ ಉಳಿಸುತ್ತಾರೆ. ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಸೊನ್ನೆಯ ಬಗ್ಗೆ ಮಕ್ಕಳು ಇಷ್ಟು ಗಟ್ಟಿಯಾಗಿ ವಾದ ಮಾಡಿದ್ದನ್ನು ನಾನು ನೋಡಿರಲಿಲ್ಲ.

ಇನ್ನೊಂದು ವಾರ ಒಬ್ಬ ಹುಡುಗ ಮಳೆಯ ಜಾಗದಲ್ಲಿ ಮೈನಸ್ 5 ಅಂತ ಹಾಕಿದ. ಪುಟ ಒಪ್ಪಲಿಲ್ಲ. ಆಗ ಮೇಷ್ಟ್ರು ಆ ಪುಟವನ್ನು ಮುಟ್ಟದೆ, ಬೇರೆ ದಾರಿಯಲ್ಲಿ ಅದೇ ಸಂಖ್ಯೆಯನ್ನು ನೇರವಾಗಿ ಸರ್ವರಿಗೆ ಕಳಿಸಿ ತೋರಿಸಿದರು. ಸರ್ವರ್ ಸುಮ್ನೆ ಬರೆದುಕೊಂಡಿತು. ಬಾಗಿಲಲ್ಲಿ ಕೇಳಿದರೆ ಸಾಲದು, ಬರೆಯುವ ಮುಂಚೆ ರೈಟರೂ ನೋಡಬೇಕು ಅಂತ ಮಕ್ಕಳಿಗೆ ಗೊತ್ತಾಯಿತು. ಬ್ಯಾಂಕು, ಬಸ್ ಟಿಕೆಟ್ಟು, ಪರೀಕ್ಷೆಯ ರಿಸಲ್ಟು, ಎಲ್ಲದರ ಹಿಂದೆಯೂ ಇದೇ ಕೆಲಸ ಇದೆ.

ಹತ್ತನೇ ತರಗತಿ ಹತ್ತಿರ ಬರುತ್ತಿದೆ, ಓದು ಹಾಳಾಗುತ್ತದೋ ಅನ್ನುವ ಭಯ ಇರುವವರಿಗೆ ಒಂದು ಮಾತು. ಇದು ಒಂಬತ್ತನೆಯವರಿಗೆ ಮಾತ್ರ, ವಾರಕ್ಕೆ ಎರಡೇ ಗಂಟೆ. ಬೇಡ ಅಂದರೆ ಬಿಡಬಹುದು, ಅದಕ್ಕೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಬೆಂಗಳೂರಿನಲ್ಲಿ ಕೆಲಸ ಸಿಗುತ್ತದೆ ಅಂತ ನಾನು ಆಸೆ ಹುಟ್ಟಿಸುವುದಿಲ್ಲ. ಮಕ್ಕಳು ತಪ್ಪನ್ನು ತಾವೇ ಹುಡುಕುತ್ತಿದ್ದಾರೆ, ಒಬ್ಬರಿಗೊಬ್ಬರು ವಿವರಿಸುತ್ತಿದ್ದಾರೆ. ನನಗೆ ಅದು ಸಾಕು. ದಯವಿಟ್ಟು ಇದಕ್ಕಾಗಿ ಸಾಲ ಮಾಡಿ ಲ್ಯಾಪ್‌ಟಾಪ್ ಕೊಳ್ಳಬೇಡಿ. ಮನೆಯಲ್ಲಿ ಮೊಬೈಲ್ ಜಾಸ್ತಿ ಕೊಡಿ ಅಂತಲೂ ನಾನು ಹೇಳುತ್ತಿಲ್ಲ.

ಈ ಅಪ್ಲಿಕೇಶನ್‌ನಲ್ಲಿ ನಿಮ್ಮ ಹೆಸರು, ಫೋನ್ ನಂಬರ್, ಆಧಾರ್ ಯಾವುದೂ ಇರುವುದಿಲ್ಲ. ಹೆಸರಿನ ಬದಲು ಮನೆಗೊಂದು ಸಂಖ್ಯೆ, ಅಷ್ಟೇ. ಬೇಡದ್ದನ್ನು ಕೇಳಿ ಇಟ್ಟುಕೊಳ್ಳಬಾರದು ಅನ್ನುವುದೂ ಪಾಠದಲ್ಲೇ ಇದೆ.

ನಿಮ್ಮಿಂದ ಎರಡು ಸಹಾಯ ಬೇಕು. ಜೊತೆಗಿರುವ ಒಪ್ಪಿಗೆ ಚೀಟಿಗೆ ಸಹಿ ಹಾಕಿ ಸೋಮವಾರ ಕಳಿಸಿ. ಬಸ್ಸಿಗೆ ತೊಂದರೆ ಆಗುವವರು ಚೀಟಿಯಲ್ಲೇ ಬರೆಯಿರಿ, ಅವರನ್ನು ಬೇಗ ಬಿಡುತ್ತೇವೆ. ಇನ್ನೊಂದು, ನಿಮ್ಮ ಮನೆಯಲ್ಲೋ ಕೆಲಸ ಮಾಡುವ ತೋಟದಲ್ಲೋ ಹಳೇ ಮಳೆ ಪುಸ್ತಕ ಇದ್ದರೆ, ಯಜಮಾನರನ್ನು ಕೇಳಿ ಒಂದು ವಾರಕ್ಕೆ ಕೊಡಿ. ಅಜ್ಜನ ಕಾಲದ್ದಾದರೆ ಇನ್ನೂ ಒಳ್ಳೆಯದು. ಪುಟ ಹರಿದಿದ್ದರೂ, ಮಸಿ ಮಾಸಿದ್ದರೂ ಪರವಾಗಿಲ್ಲ. ಪುಸ್ತಕ ನನ್ನ ಬೀರುವಿನಲ್ಲಿ ಇರುತ್ತದೆ, ನನ್ನ ಕಣ್ಣೆದುರಿಗೇ ಮಕ್ಕಳು ಟೈಪ್ ಮಾಡುತ್ತಾರೆ, ಕೆಲಸ ಮುಗಿದ ಮೇಲೆ ನಾನೇ ತಂದು ಕೊಡುತ್ತೇನೆ. ಓದಲು ಬಾರದ ದಿನಗಳನ್ನು ಖಾಲಿ ಬಿಡುತ್ತೇವೆ.

ನಿಮ್ಮ ವಿಶ್ವಾಸದ,
ಮುಖ್ಯ ಶಿಕ್ಷಕಿ
ಸರ್ಕಾರಿ ಪ್ರೌಢಶಾಲೆ, ಮೂಡಿಗೆರೆ ತಾಲ್ಲೂಕು
ಚಿಕ್ಕಮಗಳೂರು ಜಿಲ್ಲೆ