ಗೆಳೆಯನಿಗೊಂದು ಪತ್ರ: ಒಡೆದ ಸೂಜಿಗಲ್ಲು

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ನೆನಪಿಸಿದೆಯಲ್ಲ, ಹಳೇ ರೇಡಿಯೋದ ಸ್ಪೀಕರ್ ಬಿಚ್ಚಿ ಆ ಕಪ್ಪು ಬಳೆಯಂಥ ಅಯಸ್ಕಾಂತ ತೆಗೆದದ್ದು. ದಾರ ಕಟ್ಟಿ ಮರಳಿನಲ್ಲಿ ಎಳೆದರೆ ಅದಕ್ಕೆ ಗಡ್ಡ ಬರುತ್ತಿತ್ತು. ನಿನ್ನ ಕೈಜಾರಿ ಅದು ಎರಡು ಚೂರಾದಾಗ ನಾನು ಮೂರು ದಿನ ಮಾತು ಬಿಟ್ಟಿದ್ದೆ. ಆಮೇಲೆ ನೋಡಿದರೆ ಎರಡೂ ಚೂರು ಮೊಳೆ ಹಿಡಿಯುತ್ತಿದ್ದವು, ಅಲ್ವಾ?

ಅದನ್ನೇ ಒಬ್ಬ ಬೇಕಂತಲೇ ಮಾಡಿ ನೋಡಿ, ತನ್ನ ಗೆಳೆಯನಿಗೆ ಪತ್ರ ಬರೆದಿದ್ದಾನೆ ಕಣೋ. 1269ರ ಆಗಸ್ಟ್ 8ರಂದು! ಹೆಸರು ಪೀಟರ್ ಪೆರೆಗ್ರಿನಸ್. ಫ್ರಾನ್ಸಿನ ಪಿಕಾರ್ಡಿ ಸೀಮೆಯವನು. ಆಗ ಅವನಿದ್ದದ್ದು ದಕ್ಷಿಣ ಇಟಲಿಯ ಲುಚೇರಾ ಊರಿಗೆ ಮುತ್ತಿಗೆ ಹಾಕಿ ಕೂತಿದ್ದ ಸೈನ್ಯದ ಬಿಡಾರದಲ್ಲಿ. ಪತ್ರ ಹೋದದ್ದು ಸಿಗೆರ್ ಎಂಬ ಅವನದೇ ಸೀಮೆಯ ಸೈನಿಕನಿಗೆ. ಯುದ್ಧದ ಸುದ್ದಿ ಬರೆಯುವುದು ಬಿಟ್ಟು ಪುಣ್ಯಾತ್ಮ ಸೂಜಿಗಲ್ಲಿನ ಬಗ್ಗೆ, ಅಂದರೆ ತಾನಾಗಿಯೇ ಅಯಸ್ಕಾಂತವಾಗಿರುವ ಕಲ್ಲಿನ ಬಗ್ಗೆ ಬರೆದಿದ್ದಾನೆ.

ಅವನು ಮಾಡಿದ್ದು ಇಷ್ಟು. ಸೂಜಿಗಲ್ಲನ್ನು ಉಜ್ಜಿ ಚೆಂಡಿನಂತೆ ಗುಂಡಗೆ ಮಾಡಿದ. ಅದರ ಮೇಲೆ ಸಣ್ಣ ಸೂಜಿ ಇಟ್ಟು, ಅದು ನಿಂತ ದಿಕ್ಕಿಗೆ ಗೆರೆ ಎಳೆದ. ಬೇರೆ ಬೇರೆ ಕಡೆ ಇಟ್ಟು ಮತ್ತೆ ಮತ್ತೆ ಎಳೆದ. ಗೆರೆಗಳೆಲ್ಲ ಎರಡೇ ಜಾಗದಲ್ಲಿ ಕೂಡಿದವು, ಮೂಸಂಬಿ ತೊಳೆಗಳು ಎರಡು ತುದಿಯಲ್ಲಿ ಕೂಡುವ ಹಾಗೆ. ಆ ಎರಡು ಜಾಗಗಳಿಗೆ ಅವನು ಧ್ರುವ ಎಂದು ಹೆಸರಿಟ್ಟ. ಆಮೇಲೆ ಕಲ್ಲನ್ನು ಎರಡು ಮಾಡಿ, ಒಂದೊಂದು ತುಂಡನ್ನೂ ಮರದ ಬಟ್ಟಲಲ್ಲಿಟ್ಟು ನೀರಿನ ಮೇಲೆ ತೇಲಿಬಿಟ್ಟ. ಒಂದೊಂದಕ್ಕೂ ಉತ್ತರವೂ ಇತ್ತು, ದಕ್ಷಿಣವೂ ಇತ್ತು. ಬರೀ ಓದಿದರೆ ಸಾಲದು, ಕೈಕೆಲಸ ಗೊತ್ತಿರಬೇಕು ಅಂತ ಅವನು ಆ ಪತ್ರದಲ್ಲೇ ಹೇಳಿದ್ದಾನೆ.

ಆದರೆ ಕಲ್ಲಿಗೆ ಈ ಶಕ್ತಿ ಎಲ್ಲಿಂದ ಬಂತು ಅನ್ನುವಲ್ಲಿ ಎಡವಿದ. ಆಕಾಶದಿಂದ ಅಂದ. ಗುಂಡುಕಲ್ಲನ್ನು ಸರಿಯಾಗಿ ಕೂರಿಸಿದರೆ ಆಕಾಶದ ಜೊತೆ ತಾನೂ ತಿರುಗುತ್ತದೆ, ಗಡಿಯಾರವೇ ಬೇಡ ಅಂತಲೂ ಬರೆದ. ಕೈಗೆ ಸಿಕ್ಕಿದ್ದರಲ್ಲೆಲ್ಲ ಸರಿ, ಕೈಗೆ ಸಿಗದ್ದರಲ್ಲಿ ತಪ್ಪು. ನನಗಂತೂ ಇದಕ್ಕೇ ಅವನು ಇಷ್ಟವಾದ. ಭೂಮಿಯೇ ಒಂದು ದೊಡ್ಡ ಅಯಸ್ಕಾಂತ ಅಂತ ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟ್ ಹೇಳಿದ್ದು 1600ರಲ್ಲಿ. ಅವನು ಪ್ರಯೋಗಕ್ಕೆ ಇಟ್ಟುಕೊಂಡಿದ್ದೂ ಇಂಥದೇ ಗುಂಡುಕಲ್ಲು.

ಇನ್ನೊಂದು ಹೇಳದಿದ್ದರೆ ನನಗೆ ನಿದ್ದೆ ಬರಲ್ಲ. ಬೆಳ್ಳುಳ್ಳಿ ತಾಗಿದರೆ ಸೂಜಿಗಲ್ಲಿನ ಶಕ್ತಿ ಹೋಗುತ್ತದೆ ಅಂತ ಯುರೋಪಿನಲ್ಲಿ ಸಾವಿರಕ್ಕೂ ಜಾಸ್ತಿ ವರ್ಷ ನಂಬಿದ್ದರು. ನೇಪಲ್ಸಿನ ಡೆಲ್ಲಾ ಪೋರ್ಟಾ ಎಂಬವನು ಬೆಳ್ಳುಳ್ಳಿ ತಿಂದು ಕಲ್ಲಿನ ಮೇಲೆ ತೇಗಿಯೇ ನೋಡಿದ! ರಸವನ್ನೂ ಬಳಿದ. ಏನೂ ಆಗಲಿಲ್ಲ. ಹಡಗಿನವರನ್ನು ಕೇಳಿದರೆ, ಪ್ರಾಣ ಬೇಕಾದರೂ ಬಿಟ್ಟೇವು, ಈರುಳ್ಳಿ ಬೆಳ್ಳುಳ್ಳಿ ಬಿಡಲ್ಲ ಅಂದರಂತೆ. 1589ರಲ್ಲಿ ಬಂದ ಅವನ ಪುಸ್ತಕದಲ್ಲಿ ಇದೆಲ್ಲ ಇದೆ.

ಈಗ ನಿನ್ನಿಂದ ಆಗಬೇಕಾದ ಕೆಲಸ. ಪೀಟರ್‌ಗಿಂತ ಸುಮಾರು 180 ವರ್ಷ ಮೊದಲೇ ಚೀನಾದ ಶೆನ್ ಕುವೊ ಸೂಜಿಯನ್ನು ಕಲ್ಲಿಗೆ ಉಜ್ಜಿ ದಿಕ್ಕು ನೋಡುವುದನ್ನು ಬರೆದಿಟ್ಟಿದ್ದ. ನೀರಿನಲ್ಲಿ ತೇಲಿಸಿದರೆ ಅಲ್ಲಾಡುತ್ತದೆ. ಉಗುರಿನ ಮೇಲೋ ಬಟ್ಟಲಿನ ಅಂಚಿನ ಮೇಲೋ ಇಟ್ಟರೆ ಚೆನ್ನಾಗಿ ತಿರುಗುತ್ತದೆ, ಆದರೆ ಜಾರಿ ಬೀಳುತ್ತದೆ. ಎಲ್ಲಕ್ಕಿಂತ ಒಳ್ಳೆಯದು ನೇತುಹಾಕುವುದು. ಹೊಸ ರೇಷ್ಮೆಯ ಒಂಟಿ ಎಳೆ ತಗೊಂಡು, ಸಾಸಿವೆ ಕಾಳಿನಷ್ಟು ಮೇಣದಿಂದ ಸೂಜಿಯ ನಡುವಿಗೆ ಅಂಟಿಸಿ, ಗಾಳಿಯಿಲ್ಲದ ಕಡೆ ಬಿಡಬೇಕು. ಸೂಜಿ ಸರಿಯಾಗಿ ದಕ್ಷಿಣಕ್ಕೆ ನಿಲ್ಲುವುದಿಲ್ಲ, ಸ್ವಲ್ಪ ಪೂರ್ವಕ್ಕೆ ವಾಲುತ್ತದೆ ಅನ್ನುವುದನ್ನೂ ಅವನು ಆಗಲೇ ಗಮನಿಸಿದ್ದ.

ನಮ್ಮಲ್ಲಿ ಎಷ್ಟು ವಾಲುತ್ತದೋ ನೋಡೋಣ. ನೀನಿರುವುದು ಶಿಡ್ಲಘಟ್ಟದಲ್ಲಿ, ರೇಷ್ಮೆಗೂಡಿಗೇನು ಬರವೇ? ಮುಂದಿನ ವಾರ ಬರುವಾಗ ಒಂದು ಹೊಸ ಗೂಡು ತಗೊಂಡು ಬಾ. ಸೂಜಿ, ಮೇಣ, ಸಾಸಿವೆ ಇಲ್ಲಿವೆ. ಒಡೆದ ಅಯಸ್ಕಾಂತದ ನನ್ನ ಪಾಲಿನ ಚೂರು ಕೂಡ ಇದೆ.

ನಿನ್ನವನೇ