ಕುಂಟಿದವನು ಒಬ್ಬ, ಕಾಲುನೋವು ಇನ್ನೊಬ್ಬನಿಗೆ

ಪ್ರೀತಿಯ ಗೆಳೆಯಾ,

ಹೇಗಿದ್ದೀಯ? ಕಾಲೇಜು ನಾಟಕದಲ್ಲಿ ನೀನು ಕುಂಟು ಮುದುಕನಾಗಿದ್ದು ನೆನಪಿದೆಯಾ? ಮೊದಲ ದೃಶ್ಯದಲ್ಲಿ ಬಲಗಾಲು ಕುಂಟಿದೆ, ಎರಡನೆಯದರಲ್ಲಿ ಎಡಗಾಲು. ಹಿಂದಿನ ಸಾಲಿನಿಂದ ಯಾರೋ "ತಾತಾ, ಕಾಲು ಬದಲಾಯ್ತು!" ಅಂತ ಕೂಗಿದ್ದರು. ಮೊನ್ನೆ 'ಗನ್‌ಸ್ಮೋಕ್' ನೋಡುವಾಗ ಅದೇ ನೆನಪಾಗಿ ಒಬ್ಬನೇ ನಕ್ಕೆ.

ಅಮೆರಿಕದ ಸಿಬಿಎಸ್ ಟಿವಿ ವಾಹಿನಿಯಲ್ಲಿ 1955ರಿಂದ 1975ರವರೆಗೆ ಬಂದ ಕೌಬಾಯ್ ಧಾರಾವಾಹಿ ಅದು. 20 ವರ್ಷ, 635 ಕಂತು! ಡಾಡ್ಜ್ ಸಿಟಿ ಅನ್ನೋ ಊರು, ಅಲ್ಲಿನ ಮಾರ್ಷಲ್ (ಪೊಲೀಸ್ ಅಧಿಕಾರಿ ಅಂದ್ಕೋ) ಮ್ಯಾಟ್ ಡಿಲನ್, ಅವನ ಬಂಟ ಚೆಸ್ಟರ್. ಚೆಸ್ಟರ್‌ಗೆ ಒಂದು ಕಾಲು ಮಡಿಸೋಕೆ ಬರಲ್ಲ. ಅದನ್ನು ಎಳೆದುಕೊಂಡೇ "ಮಿಸ್ಟರ್ ಡಿಲನ್!" ಅಂತ ಬರುತ್ತಾನೆ.

ಆದರೆ ಆ ಪಾತ್ರ ಮಾಡಿದ ಡೆನಿಸ್ ವೀವರ್ ಕಾಲಿಗೆ ಏನೂ ಆಗಿರಲಿಲ್ಲ ಮಾರಾಯ. 1948ರಲ್ಲಿ ಒಲಿಂಪಿಕ್ಸ್‌ಗಾಗಿ ಅಮೆರಿಕದಲ್ಲಿ ನಡೆದ ಡೆಕಾಥ್ಲಾನ್ (ಓಟ, ಜಿಗಿತ, ಎಸೆತ ಸೇರಿ ಹತ್ತು ಸ್ಪರ್ಧೆ) ಆಯ್ಕೆಯಲ್ಲಿ ಆರನೆಯವನಾಗಿ ಬಂದ ಆಸಾಮಿ! ಇಷ್ಟು ಗಟ್ಟಿಮುಟ್ಟಾದವನು ಹೊಡೆದಾಟದಲ್ಲಿ ಹಿಂದೆ ಯಾಕೆ ನಿಲ್ಲುತ್ತಾನೆ ಅಂತ ಜನ ಕೇಳ್ತಾರಲ್ವಾ? ಅದಕ್ಕೇ ಕುಂಟು. ಅದನ್ನು ಒಂಬತ್ತು ವರ್ಷ ತಪ್ಪದೆ ನಡೆಸಿದ. ಸುಮ್ನೆ ಒಮ್ಮೆ ಮಂಡಿ ಮಡಿಸದೆ ಶೂ ಹಾಕಿಕೊಂಡು ನೋಡು. ನಾನು ಮಂಚದ ಅಂಚಿನಲ್ಲಿ ಕೂತು, ಕಾಲು ನೆಟ್ಟಗೆ ಚಾಚಿ ಬಗ್ಗಿದೆ. ಬೆರಳು ಲೇಸಿಗೆ ಎಟುಕುವಷ್ಟರಲ್ಲಿ ಸೊಂಟ ಹಿಡಿಯಿತು. 1959ರಲ್ಲಿ ಅವನಿಗೆ ಅಮೆರಿಕದ ಟಿವಿ ಪ್ರಶಸ್ತಿ ಎಮ್ಮಿ ಬಂದದ್ದು ನ್ಯಾಯ ಬಿಡು.

ಇನ್ನು ಮಾರ್ಷಲ್. ಆ ಪಾತ್ರ ಮಾಡಿದವನು ಜೇಮ್ಸ್ ಆರ್ನೆಸ್, ಆರಡಿ ಏಳಿಂಚು ಆಳು. ಎರಡನೇ ಮಹಾಯುದ್ಧದಲ್ಲಿ, 1944ರಲ್ಲಿ, ಇಟಲಿಯ ಆಂಜಿಯೋ ತೀರದಲ್ಲಿ ಸೇನೆ ಇಳಿಯುವಾಗ, ನೀರು ಎಷ್ಟು ಆಳ ನೋಡೋಣ ಅಂತ ಮೊದಲು ಇವನನ್ನೇ ಇಳಿಸಿದ್ದರಂತೆ. ಆ ಯುದ್ಧದಲ್ಲೇ ಬಲಗಾಲಿಗೆ ಗುಂಡು ಬಿತ್ತು. ನೋವು ಕೊನೆವರೆಗೂ ಬಿಡಲಿಲ್ಲ. ಜಾಸ್ತಿ ನಡೆಯುವ ದೃಶ್ಯಗಳನ್ನು ಬೆಳಗ್ಗೆಯೇ, ಕಾಲು ಸೋಲುವ ಮುಂಚೆ, ಮುಗಿಸಿಬಿಡುತ್ತಿದ್ದರಂತೆ. ನಿಜವಾಗಿ ಕುಂಟಬೇಕಾದವನು ನೆಟ್ಟಗೆ ನಡೆದ!

ಇನ್ನೊಂದು ತಮಾಷೆ. ಕಂತಿನ ಶುರುವಿನಲ್ಲಿ ಬೀದಿ ಮಧ್ಯೆ ಮಾರ್ಷಲ್ ಎದುರು ಪಿಸ್ತೂಲು ಎಳೆದು ಸಾಯುವವನು ಆರ್ವೋ ಒಜಾಲಾ. ಆರ್ನೆಸ್‌ಗೆ ಪಿಸ್ತೂಲು ಎಳೆಯೋದು ಕಲಿಸಿದ ಗುರುವೇ ಅವನು. ಪಾಪ, ವಾರವಾರ ಶಿಷ್ಯನ ಕೈಲಿ ಸಾವು.

ಚೆಸ್ಟರ್, ಮಾರ್ಷಲ್ ಇಬ್ಬರೂ ಜೊತೆಯಾಗಿ ನಡೆಯುವ ದೃಶ್ಯ ಸಿಕ್ಕರೆ ಮುಖ ಬಿಟ್ಟು ಕಾಲು ಮಾತ್ರ ನೋಡು. ನೋಡಿ ಬರೆ. ನಿನ್ನ ಯಾವ ಕಾಲು ಕುಂಟಬೇಕಿತ್ತು ಅನ್ನೋದನ್ನೂ ಬರೆ.

ನಿನ್ನ
ಹಳೇ ಬೆಂಚ್‌ಮೇಟ್