ಚ್ಯೂಯಿಂಗ್ ಗಮ್ ಆಮೇಲೆ, ಮೊದಲು ಪೇಸ್ಟ್ ನೋಡಿ

ಸಂಪಾದಕರೇ,

ಹಲ್ಲನ್ನು ಹುಳುಕಿನಿಂದ ಕಾಯುವ ಫ್ಲೋರೈಡ್ ಎಂಬ ಖನಿಜಾಂಶ ಇರುವ ಚ್ಯೂಯಿಂಗ್ ಗಮ್ ಜಗಿದರೆ ಮಕ್ಕಳ ಹಲ್ಲು ಹುಳುಕಾಗುವುದಿಲ್ಲ ಎಂಬ ಮಾತು ಈಗ ನಮ್ಮ ಉಡುಪಿಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಪೂರ್ತಿ ಸುಳ್ಳೇನಲ್ಲ. ಸಕ್ಕರೆ ಇಲ್ಲದ ಗಮ್ಮನ್ನು ಊಟವಾದ ಮೇಲೆ ಇಪ್ಪತ್ತು ನಿಮಿಷ ಜಗಿದರೆ ಜೊಲ್ಲು ಜಾಸ್ತಿ ಬಂದು ಬಾಯಿಯ ಆಮ್ಲ ತೊಳೆದು ಹೋಗುತ್ತದೆ, ಜೊತೆಗೆ ಫ್ಲೋರೈಡೂ ಇದ್ದರೆ ಹಲ್ಲಿನ ಗಟ್ಟಿ ಹೊರಪದರಕ್ಕೆ, ಅಂದರೆ ಎನಾಮಲ್ಲಿಗೆ, ಒಳ್ಳೆಯದೇ. ಆದರೆ ನಮ್ಮ ಗೂಡಂಗಡಿಯ ಭರಣಿಯಲ್ಲಿರುವುದು ಸಕ್ಕರೆಯ ಬಬಲ್ ಗಮ್. ಗಮ್ ಒಳ್ಳೆಯದಂತೆ ಅಂತ ಅದನ್ನೇ ಕೊಡಿಸಿದರೆ ಆಗುವುದು ಉಲ್ಟಾ ಅಲ್ವಾ? ಪುಟ್ಟ ಮಕ್ಕಳಂತೂ ನುಂಗಿಬಿಡುತ್ತವೆ, ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯ ಬೇರೆ.

ನನಗೆ ಸಿಟ್ಟು ಬರುವುದು ಪೇಸ್ಟಿನ ವಿಷಯಕ್ಕೆ. ಮೊನ್ನೆ ಮೊಮ್ಮಗಳಿಗೆ ತರಲು ಹೋದಾಗ ಸ್ಟ್ರಾಬೆರಿ ಪರಿಮಳದ, ಕರಡಿ ಚಿತ್ರದ ಟ್ಯೂಬ್ ಕೊಟ್ಟರು. ಮುಂದುಗಡೆ ದೊಡ್ಡದಾಗಿ 'ಫ್ಲೋರೈಡ್ ಇಲ್ಲ' ಎಂದು ಬರೆದಿದೆ, ಅದೇನೋ ಬಹುಮಾನ ಬಂದ ಹಾಗೆ! ಪಕ್ಕದ ಟ್ಯೂಬಿನಲ್ಲಿ ಫ್ಲೋರೈಡ್ ಇದೆ, ಆದರೆ ಎಷ್ಟು ಎಂಬುದು ಹಿಂದಿನ ಮಡಿಕೆಯ ಹತ್ತಿರ, ಕನ್ನಡಕ ಹಾಕಿದರೂ ಕಾಣದಷ್ಟು ಸಣ್ಣ ಅಕ್ಷರದಲ್ಲಿ, ಅದೂ ಇಂಗ್ಲಿಷಿನಲ್ಲಿ. ನಮ್ಮ ದೇಶದಲ್ಲಿ ಟೂತ್‌ಪೇಸ್ಟಿನ ಫ್ಲೋರೈಡಿಗೆ 1000 ಪಿಪಿಎಂ (ಅಂದರೆ ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ) ಮಿತಿ. ದಂತವೈದ್ಯರು ಹೇಳುವುದೂ ಸುಮಾರು ಅಷ್ಟೇ ಇರುವ ಪೇಸ್ಟನ್ನು. ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು ಸಾಕು. ಜಾಹೀರಾತಿನಲ್ಲಿ ಬ್ರಷ್ ಉದ್ದಕ್ಕೂ ಹಿಂಡುತ್ತಾರಲ್ಲ, ಅದನ್ನು ನೋಡಿ ಕಲಿಯಬೇಡಿ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಫ್ಲೋರೈಡ್ ಪೇಸ್ಟನ್ನು ಅಗತ್ಯ ಔಷಧಗಳ ಪಟ್ಟಿಗೇ ಸೇರಿಸಿದೆ.

ಫ್ಲೋರೈಡ್ ಅಂದರೆ ಹೆದರಿಕೆ ಎಲ್ಲಿಂದ ಬಂತು ಅಂತ ಗೊತ್ತು. ಕೋಲಾರ, ಪಾವಗಡ ಕಡೆ ಕೊಳವೆಬಾವಿ ನೀರು ಕುಡಿದು ಹಲ್ಲು ಕಂದುಬಣ್ಣವಾದ, ಮೂಳೆ ಸೊಟ್ಟಗಾದ ಸುದ್ದಿ ಓದಿರುತ್ತೇವೆ. ಅಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಕಷ್ಟ ಅದು. ನಮ್ಮ ಕರಾವಳಿಯ ಬಾವಿಗಳಲ್ಲಿ ಸಾಮಾನ್ಯವಾಗಿ ಫ್ಲೋರೈಡ್ ಕಡಿಮೆಯೇ. ಕುಡಿಯುವ ನೀರಿಗೂ ಉಜ್ಜಿ ಉಗಿಯುವ ಪೇಸ್ಟಿಗೂ ಸುಮ್ನೆ ಗಂಟು ಹಾಕುತ್ತೇವೆ.

ಹಾಲುಹಲ್ಲು ಹೇಗೂ ಬಿದ್ದು ಹೋಗುತ್ತದೆ ಅನ್ನುವವರೂ ಇದ್ದಾರೆ. ಹಿಂದಿನ ಹಾಲುಹಲ್ಲು ಹತ್ತು ಹನ್ನೆರಡು ವರ್ಷದವರೆಗೂ ಇರಬೇಕು, ಅಲ್ಲಿಯವರೆಗೆ ಮಗು ನೋವು ತಿನ್ನಬೇಕಾ?

ಮಣಿಪಾಲ, ಮಂಗಳೂರಿನಲ್ಲಿ ಡೆಂಟಲ್ ಕಾಲೇಜುಗಳಿಗೆ ಬರವಿಲ್ಲ. ಶಾಲೆಗೆ ಬಂದು ಹುಳುಕು ಎಣಿಸಿ ಚೀಟಿ ಕೊಟ್ಟು ಹೋಗುವ ಬದಲು, ಶಿಬಿರದ ದಿನ ಮನೆಯ ಪೇಸ್ಟ್ ಟ್ಯೂಬನ್ನೂ ತರಲು ಹೇಳಿ, ಅದರಲ್ಲಿ ಏನಿದೆ ಅಂತ ತಾಯಂದಿರ ಎದುರೇ ಓದಿ ಹೇಳಲಿ. ಪೇಸ್ಟ್ ಕಂಪನಿಗಳು ಫ್ಲೋರೈಡ್ ಎಷ್ಟಿದೆ ಎಂದು ಕನ್ನಡದಲ್ಲಿ, ಟ್ಯೂಬಿನ ಮುಂದುಗಡೆಯೇ ಹಾಕಲಿ.

– ಒಬ್ಬ ಅಜ್ಜ, ಉಡುಪಿ